ಹಳೆಯ ಸ್ಟೀರಿಯೊ ಕೈಗೆ ಬಂತೇ? ಪ್ಲಗ್ ಹಾಕುವ ಮುನ್ನ ಸ್ವಲ್ಪ ತಡೆಯಿರಿ

[ದೃಶ್ಯ: ಮರದ ಕವಚದ ಹಳೆಯ ರಿಸೀವರ್, ಅಂದರೆ ರೇಡಿಯೊ ಮತ್ತು ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿರುವ ಸ್ಟೀರಿಯೊ. ಪ್ಲಗ್ ಹಿಡಿದ ಕೈ ಸಾಕೆಟ್‌ನತ್ತ ಹೋಗಿ ಅರ್ಧದಲ್ಲೇ ನಿಲ್ಲುತ್ತದೆ.]

ನಿಲ್ಲಿ. ಇದು ಎಷ್ಟೋ ವರ್ಷ ಅಟ್ಟದ ಮೇಲೆ ಮಲಗಿದ್ದ ಪೆಟ್ಟಿಗೆ. ಹಾಡು ಕೇಳುವ ಆತುರ ನನಗೂ ಇದೆ. ಆದರೆ ಈ ಆತುರಕ್ಕೆ ಬಲಿಯಾದ ಟ್ರಾನ್ಸಿಸ್ಟರುಗಳ ಲೆಕ್ಕ ಇಡುವುದನ್ನು ನಾನು ಎಂದೋ ಬಿಟ್ಟಿದ್ದೇನೆ.

ಮೊದಲು ಹಿಂಭಾಗ ನೋಡಿ. ಜಪಾನಿನವರು ತಮ್ಮ ದೇಶದ ಬಳಕೆಗೆಂದೇ ಮಾಡಿದ್ದಾದರೆ 100 ವೋಲ್ಟ್ ಎಂದಿರುತ್ತದೆ, ಅಮೆರಿಕದ ಮಾದರಿಯಾದರೆ 120. ಅದನ್ನು 230 ವೋಲ್ಟ್ ಸಾಕೆಟ್‌ಗೆ ಚುಚ್ಚಿದರೆ ಕಥೆ ಅಲ್ಲಿಗೆ ಮುಗಿಯಿತು. ಕೆಲವಕ್ಕೆ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ. ಹಿಂದಿನವರು ಅದನ್ನು ಎಲ್ಲಿಗೆ ತಿರುಗಿಸಿಟ್ಟಿದ್ದಾರೋ ನೋಡಿಕೊಳ್ಳಿ.

[ದೃಶ್ಯ: ಮಾದರಿ ಸಂಖ್ಯೆಯ ಪಟ್ಟಿ, ಹತ್ತಿರದಿಂದ.]

ಮಾದರಿ ಸಂಖ್ಯೆಯನ್ನು ಬರೆದುಕೊಂಡು ಅದರ ಸರ್ವಿಸ್ ಮ್ಯಾನ್ಯುಯಲ್, ಅಂದರೆ ರಿಪೇರಿ ಮಾಡುವವರ ಕೈಪಿಡಿ, ಹುಡುಕಿ. ಹೈಫೈ ಎಂಜಿನ್‌ನಂಥ ಜಾಲತಾಣಗಳ ಸಂಗ್ರಹಗಳಲ್ಲಿ ಸಾವಿರಾರು ಮ್ಯಾನ್ಯುಯಲ್‌ಗಳ ಸ್ಕ್ಯಾನ್ ಪ್ರತಿಗಳಿವೆ. ಬಳಕೆದಾರರ ಕೈಪಿಡಿ ಸಿಕ್ಕಿತೆಂದು ತೃಪ್ತಿಪಡಬೇಡಿ. ಯಾವ ಗುಂಡಿ ಯಾವುದಕ್ಕೆ ಎಂದಷ್ಟೇ ಅದು ಹೇಳುತ್ತದೆ. ನಮಗೆ ಬೇಕಾದದ್ದು ಸರ್ಕ್ಯೂಟ್ ನಕ್ಷೆ. ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕು ಎಂಬುದನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಮಾಡಿರುತ್ತಾರೆ. ಒಂದು ಎಚ್ಚರಿಕೆ: ಮಸುಕಾದ ಸ್ಕ್ಯಾನ್‌ನಲ್ಲಿ 6 ಮತ್ತು 8 ಅವಳಿಗಳಂತೆ ಕಾಣುತ್ತವೆ. ಅನುಮಾನ ಬಂದರೆ ಕೊನೆಯ ಪುಟಗಳ ಬಿಡಿಭಾಗಗಳ ಪಟ್ಟಿಯೊಂದಿಗೆ ತಾಳೆ ನೋಡಿ.

ವ್ಯಾಟ್ ಲೆಕ್ಕಕ್ಕೆ ಮರುಳಾಗುವವರಿಗೆ ಒಂದು ಮಾತು. ಅಮೆರಿಕದಲ್ಲಿ 1974ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ನಿಯಮ ತರುವ ತನಕ ಜಾಹೀರಾತಿನ ವ್ಯಾಟ್‌ಗೆ ಲಂಗುಲಗಾಮಿರಲಿಲ್ಲ. ಆಮೇಲೆ ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನೇ ಹೇಳಬೇಕಾಯಿತು, ಕಂಪನಿಗಳ ಪೈಪೋಟಿಯೂ ಜೋರಾಯಿತು. 1978ರ ಪಯನೀರ್ ಎಸ್‌ಎಕ್ಸ್-1980 ರಿಸೀವರ್ ಒಂದೊಂದು ಚಾನೆಲ್‌ಗೆ, ಅಂದರೆ ಎಡಕ್ಕೊಂದು ಬಲಕ್ಕೊಂದು ಇರುವ ಸ್ಪೀಕರ್ ದಾರಿಗೆ, 270 ವ್ಯಾಟ್ ಕೊಡುತ್ತಿತ್ತು. ತೂಕ ಸುಮಾರು 35 ಕಿಲೋ. ಒಬ್ಬರೇ ಎತ್ತಲು ಹೋಗಬೇಡಿ, ನನ್ನ ಸೊಂಟದ ಮಾತು ಕೇಳಿ.

[ದೃಶ್ಯ: ಹಲಗೆಯ ಮೇಲೆ ಬಲ್ಬ್ ಹೋಲ್ಡರ್, ಪಕ್ಕದಲ್ಲಿ ಸಾಕೆಟ್.]

ಈಗ ವಿದ್ಯುತ್. ರಿಸೀವರ್‌ಗೆ ಹೋಗುವ ಒಂದು ತಂತಿಯ ನಡುವೆ, ಸರಣಿಯಲ್ಲಿ, 60 ಅಥವಾ 100 ವ್ಯಾಟ್‌ನ ಹಳೆಯ ತಂತು ಬಲ್ಬ್ ಇರುವಂತೆ ಈ ಹಲಗೆಯನ್ನು ಜೋಡಿಸಲಾಗಿದೆ. ಎಲ್‌ಇಡಿ ಬಲ್ಬ್ ಇಲ್ಲಿ ಕೆಲಸಕ್ಕೆ ಬಾರದು. ತಣ್ಣಗಿರುವ ತಂತುವಿನ ರೋಧ ಕಡಿಮೆ. ಕಾದಂತೆ ರೋಧ ಏರುತ್ತದೆ. ಒಳಗೆಲ್ಲೋ ಶಾರ್ಟ್ ಆಗಿದ್ದರೆ ಬಲ್ಬ್ ಪೂರ್ತಿ ಉರಿದು, ವಿದ್ಯುತ್ತಿನ ಬಹುಪಾಲು ಹೊಡೆತವನ್ನು ತಾನೇ ತಿನ್ನುತ್ತದೆ. ಎಲ್ಲ ಸರಿಯಿದ್ದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರುಗಳು ತುಂಬಿಕೊಳ್ಳುವಾಗ ಒಮ್ಮೆ ಭಗ್ ಎಂದು ಬೆಳಗಿ, ಮೆಲ್ಲಗೆ ಮಂಕಾಗುತ್ತದೆ. ಇದರಲ್ಲಿ ಸಾಕೆಟ್‌ನ ಮೇನ್ಸ್ ವಿದ್ಯುತ್ತೇ ಹರಿಯುತ್ತದೆ. ವೈರಿಂಗ್ ತಿಳಿಯದವರು ತಿಳಿದವರಿಂದಲೇ ಮಾಡಿಸಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರುಗಳು ಸುಮ್ಮನಿರುವುದಿಲ್ಲ, ಒಳಗೆ ಬೆರಳು ಹಾಕಬೇಡಿ.

"ಎಲ್ಲ ಕೆಪಾಸಿಟರುಗಳನ್ನೂ ಒಟ್ಟಿಗೆ ಬದಲಿಸಿಬಿಡಿ" ಎನ್ನುವವರಿದ್ದಾರೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವಯಸ್ಸಾದಂತೆ ಒಣಗುವುದು ನಿಜ. ಆದರೂ ನಾನು ಒಪ್ಪುವುದಿಲ್ಲ. ಒಮ್ಮೆ ಒಂದೇ ರಾತ್ರಿ ನಲವತ್ತನ್ನು ಬದಲಿಸಿದೆ. ಬೆಳಿಗ್ಗೆ ಸೆಟ್ ಸತ್ತಿತ್ತು. ಅದರಲ್ಲೊಂದನ್ನು ತಲೆಕೆಳಗಾಗಿ, ಪ್ಲಸ್ ಮೈನಸ್ ಅದಲುಬದಲಾಗಿ, ಬೆಸುಗೆ ಹಾಕಿದ್ದೆ. ಅದು ಯಾವುದೆಂದು ಪತ್ತೆಹಚ್ಚಲು ಮೂರು ದಿನ ಹಿಡಿಯಿತು. ಅಳೆಯಿರಿ, ಕೆಟ್ಟದ್ದನ್ನು ತೆಗೆಯಿರಿ, ಮತ್ತೆ ಅಳೆಯಿರಿ.

ನಾಬ್ ತಿರುಗಿಸಿದಾಗ ಕರಕರ ಎಂದರೆ ಹೆದರಬೇಕಿಲ್ಲ. ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಬಾರಿ ತಿರುಗಿಸಿ.

[ದೃಶ್ಯ: ಸ್ಪೀಕರ್ ಟರ್ಮಿನಲ್‌ಗಳ ಮೇಲೆ ಮಲ್ಟಿಮೀಟರಿನ ಕಡ್ಡಿಗಳು.]

ಸ್ಪೀಕರ್ ಇನ್ನೂ ಜೋಡಿಸಿಲ್ಲ, ಗಮನಿಸಿ. ಸ್ಪೀಕರ್‌ಗೆ ಹೋಗಬಾರದ ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್, ಎಷ್ಟು ಬರುತ್ತಿದೆ ಎಂದು ತಿಳಿಯಲು ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು ಎರಡೂ ಚಾನೆಲ್ ಅಳೆಯಬೇಕು. 50 ಮಿಲಿವೋಲ್ಟ್‌ನೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ವೋಲ್ಟ್‌ಗಟ್ಟಲೆ ಬಂದರೆ ಅದು ಸ್ಪೀಕರಿನ ಸುರುಳಿಯನ್ನು ಸುಟ್ಟು ಹಾಕುತ್ತದೆ. ರಕ್ಷಣೆಯ ರಿಲೇ, ಅಂದರೆ ತಾನಾಗಿಯೇ ಟಕ್ ಎಂದು ಕೂಡಿಕೊಳ್ಳುವ ಸ್ವಿಚ್, ಇರುವ ಸೆಟ್‌ಗಳಲ್ಲಿ ಅದು ಕೆಲವು ಸೆಕೆಂಡು ಪರೀಕ್ಷಿಸಿ, ಆಮೇಲಷ್ಟೇ ಸ್ಪೀಕರ್‌ಗೆ ದಾರಿ ಬಿಡುತ್ತದೆ.

ಹಾಕುತ್ತಿದ್ದೇನೆ. ಬಲ್ಬ್ ಬೆಳಗಿತು... ಮಂಕಾಗುತ್ತಿದೆ. ಒಂದು, ಎರಡು, ಮೂರು, ನಾಲ್ಕು.

[ಸದ್ದು: ಟಕ್.]

ಎಡಕ್ಕೆ 14, ಬಲಕ್ಕೆ 22 ಮಿಲಿವೋಲ್ಟ್. ಆ ಹಳೆಯ ಸ್ಪೀಕರುಗಳನ್ನು ಇತ್ತ ಕೊಡಿ, ಒಳ್ಳೆಯವು ನಾಳೆಗಿರಲಿ.