ಬೇಡುವುದು, ಮಣಿಸುವುದು

ಕೇಳುಗರಿಗೆ ನಮಸ್ಕಾರ.

ಕೆಲವರು ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುತ್ತಾರೆ. ಹುಣ್ಣಿಮೆಯ ರಾತ್ರಿ ಮೇಣದ ಬತ್ತಿ ಹಚ್ಚಿ, ಭವಿಷ್ಯ ನೋಡುವ ಟ್ಯಾರೋ ಕಾರ್ಡು ಹರಡಿಕೊಂಡು, ಬೈಬಲಿನ ಕೀರ್ತನೆಯನ್ನೇ ಮಂತ್ರದ ಹಾಗೆ ಹೇಳುತ್ತಾರೆ. ‘ನಾನು ಕ್ರೈಸ್ತಳೂ ಹೌದು, ಮಾಟಗಾತಿಯೂ ಹೌದು’ ಎಂದು ಹೇಳಿಕೊಳ್ಳುವವರು ಈಗ ಇದ್ದಾರೆ. ಯಾರಿಗೂ ಕೇಡು ಬಗೆಯುವ ಉದ್ದೇಶ ಅವರಿಗಿಲ್ಲ. ಗಿಡಮೂಲಿಕೆ, ಬೆಳಕು, ನಾಲ್ಕು ಒಳ್ಳೆಯ ಮಾತು, ಇದರಲ್ಲಿ ತಪ್ಪೇನು ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಬೈಬಲನ್ನು ತೆರೆದರೆ ಉತ್ತರ ಒಂದೇ ಏಟಿಗೆ ಸಿಕ್ಕಂತೆ ಕಾಣುತ್ತದೆ. ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಕಣಿ ಹೇಳುವವರು, ಶಕುನ ನೋಡುವವರು, ಮಾಟ ಮಾಡುವವರು, ಸತ್ತವರನ್ನು ವಿಚಾರಿಸುವವರು, ಯಾರನ್ನೂ ಬಿಟ್ಟಿಲ್ಲ. ಮಾಟಗಾತಿಯನ್ನು ಉಳಿಸಬಾರದು ಎಂದೇ ವಿಮೋಚನಕಾಂಡ ಹೇಳುತ್ತದೆ. ಇಷ್ಟು ಓದಿ ಪುಸ್ತಕ ಮುಚ್ಚುವವರೇ ಜಾಸ್ತಿ. ಆದರೆ ಅದೇ ಬೈಬಲಿನಲ್ಲಿ ಯೇಸುವಿಗೆ ದ್ರೋಹ ಮಾಡಿದ ಯೂದನ ಜಾಗಕ್ಕೆ ಹೊಸ ಶಿಷ್ಯನನ್ನು ಆರಿಸಲು ಚೀಟು ಹಾಕುತ್ತಾರೆ. ನಕ್ಷತ್ರ ನೋಡಿಕೊಂಡು ಬಂದ ಜ್ಞಾನಿಗಳು ಮಗು ಯೇಸುವಿಗೆ ಅಡ್ಡಬೀಳುತ್ತಾರೆ. ಯಾರೂ ಅವರನ್ನು ಬೈಯುವುದಿಲ್ಲ. ಹಾಗಾದರೆ ಗೆರೆ ಇರುವುದು ಎಲ್ಲಿ?

ನನಗೆ ಇದು ಸ್ಪಷ್ಟವಾಗಿ ಕಾಣುವುದು ಬೈಬಲಿನಲ್ಲಿ ಬರುವ ಇಸ್ರಾಯೇಲಿನ ಸೌಲ ರಾಜನ ಕಥೆಯಲ್ಲಿ. ಮಂತ್ರ ಹಾಕಿ ಸತ್ತವರನ್ನು ಮಾತಾಡಿಸುವವರನ್ನೆಲ್ಲ ದೇಶದಿಂದ ಓಡಿಸಿದವನು ಅವನೇ. ಆಮೇಲೆ ಶತ್ರುಗಳಾದ ಫಿಲಿಷ್ಟಿಯರ ದಂಡು ಎದುರಿಗೆ ಬಂದು ನಿಂತಿತು. ಸೌಲ ದೇವರನ್ನು ಕೇಳಿದ. ಕನಸಿನಲ್ಲಿ ಉತ್ತರ ಬರಲಿಲ್ಲ, ಪ್ರವಾದಿಗಳ ಬಾಯಿಂದಲೂ ಬರಲಿಲ್ಲ. ಕೊನೆಗೆ ವೇಷ ಮರೆಸಿಕೊಂಡು, ರಾತ್ರಿಯಲ್ಲಿ ಏಂದೋರಿನ ಒಬ್ಬ ಹೆಂಗಸಿನ ಮನೆ ಬಾಗಿಲಿಗೆ ಹೋದ. ಅವಳಿಗೆ ಹೆದರಿಕೆ, ನನ್ನನ್ನು ಸಿಕ್ಕಿಹಾಕಿಸಲು ಬಂದೆಯಾ ಎಂದಳು. ಆಣೆ ಮಾಡಿ ಒಪ್ಪಿಸಿದ. ಸತ್ತಿದ್ದ ಪ್ರವಾದಿ ಸಮುವೇಲ ಎದ್ದು ಬಂದು ಹೇಳಿದ್ದರಲ್ಲಿ ಒಂದು ಮಾತು, ನಾಳೆ ನೀನೂ ನಿನ್ನ ಮಕ್ಕಳೂ ನನ್ನ ಜೊತೆ ಇರುತ್ತೀರಿ. ಸೌಲ ನೆಲಕ್ಕೆ ಬಿದ್ದ. ಹಗಲೂ ರಾತ್ರಿ ಏನೂ ತಿಂದಿರಲಿಲ್ಲ. ಆ ಹೆಂಗಸೇ ಮನೆಯ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ, ರೊಟ್ಟಿ ಸುಟ್ಟು ಅವನಿಗೆ ಬಡಿಸಿದಳು.

ಅವಳು ಮೋಸಗಾತಿ ಎಂದು ಕಥೆ ಎಲ್ಲೂ ಹೇಳುವುದಿಲ್ಲ. ಅವಳ ಮೇಲೆ ಕಥೆಗೆ ಸಿಟ್ಟೂ ಇಲ್ಲ. ಎಡವಿದವನು ಸೌಲ. ದೇವರು ಸುಮ್ಮನಿದ್ದದ್ದನ್ನು ತಡೆಯಲಾಗದೆ, ಹಿಂಬಾಗಿಲಿನಿಂದ ಉತ್ತರ ಎಳೆದುಕೊಳ್ಳಲು ಹೋದ. ಪ್ರಾರ್ಥನೆಗೂ ಮಾಟಕ್ಕೂ ಇರುವ ವ್ಯತ್ಯಾಸ ನನ್ನ ಪ್ರಕಾರ ಇಷ್ಟೇ. ಒಂದು ಬೇಡುತ್ತದೆ, ಇನ್ನೊಂದು ಮಣಿಸಲು ನೋಡುತ್ತದೆ. ಬೇಡಿದವರಿಗೆ ‘ಇಲ್ಲ’ ಎಂಬ ಉತ್ತರವೂ ಬರಬಹುದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ, ಈ ಸಂಕಟ ತಪ್ಪಲಿ ಎಂದು ಬೇಡಿದ ಯೇಸುವಿಗೂ ಹಾಗೇ ಆಯಿತಲ್ವಾ? ಮಾಟದಲ್ಲಿ ‘ಇಲ್ಲ’ಕ್ಕೆ ಜಾಗವಿಲ್ಲ. ಕ್ರಮ ಸರಿಯಾಗಿದ್ದರೆ ಕೆಲಸ ಆಗಲೇಬೇಕು, ಆಗದಿದ್ದರೆ ಕ್ರಮದಲ್ಲೇ ಏನೋ ತಪ್ಪಿದೆ.

ಈ ಅಳತೆಗೋಲು ಹಿಡಿದು ನೋಡಿದರೆ ಚರ್ಚಿನ ಒಳಗೂ ಗಲಿಬಿಲಿ ಕಾಣುತ್ತದೆ. ಸುಮಾರು 1000 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಹೊಲ ಬೆಳೆ ಕೊಡದಿದ್ದರೆ ಒಂದು ವಿಧಿ ಮಾಡುತ್ತಿದ್ದರು. ಹೊಲದ ನಾಲ್ಕು ಮೂಲೆಯಿಂದ ಹುಲ್ಲಿನ ಸಮೇತ ಮಣ್ಣಿನ ಹೆಂಟೆ ಕೀಳುವುದು. ಅದಕ್ಕೆ ಎಣ್ಣೆ, ಜೇನು, ಹಾಲು ಹಾಕುವುದು. ಚರ್ಚಿಗೆ ಒಯ್ದು ಪಾದ್ರಿಯಿಂದ ನಾಲ್ಕು ಪೂಜೆ ಹಾಡಿಸುವುದು. ಸೂರ್ಯ ಮುಳುಗುವ ಮೊದಲು ಹೆಂಟೆಗಳನ್ನು ಇದ್ದಲ್ಲೇ ಇಡುವುದು. ನಡುವೆ ಭೂಮಿತಾಯಿಯನ್ನೂ ಕೂಗಿ ಕರೆಯುತ್ತಿದ್ದರು! ಇದು ಪ್ರಾರ್ಥನೆಯೋ ಮಾಟವೋ? ಅವತ್ತಿನ ರೈತನನ್ನು ಕೇಳಿದ್ದರೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

ಅದಕ್ಕೂ ಮೊದಲು ಸಂತ ಅಗಸ್ಟೀನ್ ಜನರಿಗೆ ಹೇಳಿದ್ದ ಮಾತೊಂದಿದೆ. ತಲೆನೋವು ಬಂದಾಗ ತಾಯಿತಕ್ಕೆ ಓಡುವ ಬದಲು ಯೇಸುವಿನ ಕಥೆ ಹೇಳುವ ಸುವಾರ್ತೆಯ ಪುಸ್ತಕವನ್ನು ತಲೆಯ ಹತ್ತಿರ ಇಟ್ಟುಕೊಂಡರೆ ನನಗೆ ಸಂತೋಷ ಎಂದ. ಪುಸ್ತಕ ಇರುವುದು ಅದಕ್ಕಲ್ಲ ಎಂಬುದು ಅವನಿಗೂ ಗೊತ್ತಿತ್ತು. ತಾಯಿತಕ್ಕಿಂತ ವಾಸಿ ಎಂದು ಒಪ್ಪಿಕೊಂಡ, ಅಷ್ಟೇ.

1692ರಲ್ಲಿ ಅಮೆರಿಕದ ಸೇಲಂನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಪಾದ್ರಿಯ ಮನೆಯ ಹುಡುಗಿಯರಿಗೆ ಏನೋ ಬಾಧೆ. ಚರ್ಚಿನ ಸದಸ್ಯೆಯಾದ ನೆರೆಮನೆಯ ಮೇರಿ ಸಿಬ್ಲಿ ಒಂದು ಉಪಾಯ ಹೇಳಿಕೊಟ್ಟಳು. ರೈ ಹಿಟ್ಟಿಗೆ ಆ ಹುಡುಗಿಯರ ಮೂತ್ರ ಕಲಸಿ, ರೊಟ್ಟಿ ಸುಟ್ಟು, ನಾಯಿಗೆ ತಿನ್ನಿಸಬೇಕು. ಮಾಟ ಮಾಡಿದವರು ಯಾರೆಂದು ಅದರಿಂದ ಗೊತ್ತಾಗುತ್ತದಂತೆ. ಸೈತಾನನನ್ನು ಓಡಿಸಲು ಸೈತಾನನ ಹತ್ತಿರವೇ ಹೋದಂತಾಯಿತು ಎಂದು ಪಾದ್ರಿ ಸಭೆಯಲ್ಲೇ ಗದರಿಸಿದ. ಅವಳು ಅತ್ತು ತಪ್ಪೊಪ್ಪಿಕೊಂಡಳು, ಸಭೆ ಕ್ಷಮಿಸಿತು. ಅದೇ ವರ್ಷ 19 ಮಂದಿಯನ್ನು ಅಲ್ಲಿ ಗಲ್ಲಿಗೇರಿಸಿದರು. 80 ದಾಟಿದ ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ನಿಜವಾಗಿ ಮಾಟಕ್ಕೆ ಕೈ ಹಾಕಿದವಳು ಮನೆಗೆ ಹೋದಳು. ನಾವು ಮಾಟ ಮಾಡಿಲ್ಲ ಎಂದವರು ನೇಣಿಗೆ ಹೋದರು.

ಸರಿ, ಇವತ್ತಿಗೆ ಬರೋಣ. ಬ್ರಿಟನ್ ತನ್ನ ಹಳೆಯ ಮಾಟದ ಕಾಯ್ದೆಯನ್ನು 1951ರಲ್ಲಿ ತೆಗೆದುಹಾಕಿತು. ಆಮೇಲೆ ಜೆರಾಲ್ಡ್ ಗಾರ್ಡ್ನರ್ ಎಂಬಾತ ವಿಕ್ಕಾ ಎಂಬ ಪಂಥವನ್ನು ಬಹಿರಂಗವಾಗಿ ಪ್ರಚಾರ ಮಾಡಿದ. ಅದರಲ್ಲಿ ದೇವಿಯೂ ಇದ್ದಾಳೆ, ಕೊಂಬಿನ ದೇವರೂ ಇದ್ದಾನೆ. ಒಬ್ಬನೇ ದೇವರು ಎನ್ನುವವರು ಅಲ್ಲಿಗೆ ಹೋಗಿ ಕೂತರೆ ಬೈಬಲಿನ ಹತ್ತು ಆಜ್ಞೆಗಳಲ್ಲಿ ಮೊದಲನೆಯದೇ ಮುರಿಯಿತು. ಅದರ ಬಗ್ಗೆ ಹೆಚ್ಚು ವಾದ ಬೇಡ. ಬರೀ ಗಿಡಮೂಲಿಕೆ, ಮೇಣದ ಬತ್ತಿ ಅಂದರೆ ಅದರಲ್ಲಿ ಮಾಟವೇನೂ ನನಗೆ ಕಾಣದು. ಅದಕ್ಕೆ ಆ ಹೆಸರು ಯಾಕೆ ಎಂಬುದಷ್ಟೇ ನನ್ನ ತಕರಾರು. ಆದರೆ ನಾಳೆ ಏನಾಗುತ್ತದೆ ಹೇಳು ಎಂದು ಕಾರ್ಡನ್ನು ಕೇಳುವುದು, ಇಂಥವನು ನನ್ನನ್ನೇ ಪ್ರೀತಿಸಲಿ ಎಂದು ಮಂತ್ರ ಹಾಕುವುದು ಬೇರೆ. ಅಲ್ಲಿ ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ‘ನಿನ್ನ ಚಿತ್ತ ನೆರವೇರಲಿ’ ಎಂದು ಬೆಳಿಗ್ಗೆ ಹೇಳಿ, ರಾತ್ರಿ ನನ್ನ ಚಿತ್ತವೇ ನಡೆಯಲಿ ಎಂದು ಕೂರುವುದು ಹೇಗೆ ಹೊಂದುತ್ತದೆ?

ಕ್ಯಾಥೋಲಿಕ್ ಚರ್ಚು 1992ರಲ್ಲಿ ಹೊರತಂದ ತನ್ನ ಬೋಧನೆಗಳ ಗ್ರಂಥದಲ್ಲೂ ಇದೇ ನಿಲುವಿದೆ. ಕಾಯಿಲೆ ವಾಸಿ ಮಾಡಲೆಂದೇ ಆದರೂ ಮಾಟ ಸಲ್ಲದು ಎನ್ನುತ್ತದೆ. ಜೊತೆಗೆ ಅದು ತನ್ನವರ ಕಿವಿಯನ್ನೂ ಹಿಂಡುತ್ತದೆ. ಮನಸ್ಸಿಲ್ಲದೆ, ಹೊರಗಿನ ಕ್ರಿಯೆಯೊಂದರಿಂದಲೇ ಪ್ರಾರ್ಥನೆಗೆ ಫಲ ಬರುತ್ತದೆ ಎಂದುಕೊಂಡರೆ ಅದೂ ಮೂಢನಂಬಿಕೆಯೇ ಅನ್ನುತ್ತದೆ. ಇಷ್ಟು ಸಲ ಜಪಮಾಲೆ ತಿರುಗಿಸಿದರೆ ಕೆಲಸ ಗ್ಯಾರಂಟಿ ಎನ್ನುವವರು ಟ್ಯಾರೋ ಕಾರ್ಡಿನವರ ಕಡೆ ಬೆರಳು ತೋರಿಸುವ ಮೊದಲು ಇದನ್ನು ಓದಬೇಕು.

ಎಫೆಸ ಪಟ್ಟಣದಲ್ಲಿ, ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನ ಕಾಲಕ್ಕೇ ಈ ಪ್ರಶ್ನೆ ಬಂದಿತ್ತು. ಅಲ್ಲಿ ಯೇಸುವನ್ನು ನಂಬಿದವರ ಮನೆಯಲ್ಲೇ ಮಾಟದ ಪುಸ್ತಕಗಳಿದ್ದವು. ನಂಬಿಕೆ ಬಂದ ಮೇಲೂ ಹಲವರು ಅವನ್ನು ಎಸೆದಿರಲಿಲ್ಲ. ಪೌಲ ಮನೆಮನೆಗೆ ನುಗ್ಗಿ ಹುಡುಕಿಸಿದ ಎಂದು ಎಲ್ಲೂ ಬರೆದಿಲ್ಲ. ಒಂದು ದಿನ ಅವರೇ ತಂದು, ಎಲ್ಲರ ಎದುರು ಸುಟ್ಟರು. ಬೆಲೆ ಲೆಕ್ಕ ಹಾಕಿದರೆ 50,000 ಬೆಳ್ಳಿ ನಾಣ್ಯ. ಮಾರಿದ್ದರೆ ಅಷ್ಟೂ ದುಡ್ಡು ಅವರ ಕೈಗೇ ಬರುತ್ತಿತ್ತು.

ನಮಸ್ಕಾರ.