ಪ್ರಾಶಸ್ತ್ಯದ ಮತ: ನಮ್ಮೂರಿನಲ್ಲೇ ಇರುವ ಇನ್ನೊಂದು ಕ್ರಮ

ಮಾನ್ಯರೇ,

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ದಾವಣಗೆರೆ ಕ್ಷೇತ್ರದ ಗೆಲುವಿನ ಅಂತರ ಸುಮಾರು 26 ಸಾವಿರ ಮತ. ಮೂರನೇ ಸ್ಥಾನದ ಪಕ್ಷೇತರ ಅಭ್ಯರ್ಥಿಗೆ ಬಿದ್ದದ್ದು 40 ಸಾವಿರಕ್ಕೂ ಹೆಚ್ಚು. ಆ ಮತದಾರರ ಎರಡನೇ ಒಲವು ಯಾರ ಕಡೆಗಿತ್ತೆಂದು ಕೇಳುವ ಅವಕಾಶವೇ ನಮ್ಮ ಪದ್ಧತಿಯಲ್ಲಿಲ್ಲ. ಕೇಳಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಎಂಬುದು ನನ್ನ ವಾದವಲ್ಲ. ಗೆದ್ದವರಿಗೆ ಅರ್ಧಕ್ಕಿಂತ ಹೆಚ್ಚು ಮತದಾರರ ಸಮ್ಮತಿ ಇದೆಯೆಂದು ತೋರಿಸಿಕೊಡುವ ಕ್ರಮ ಬೇಕು ಎಂಬುದಷ್ಟೇ ನನ್ನ ವಾದ. ಮತದಾರ ಅಭ್ಯರ್ಥಿಗಳನ್ನು ತನ್ನ ಒಲವಿನ ಕ್ರಮದಲ್ಲಿ 1, 2, 3 ಎಂದು ಗುರುತಿಸುವ ಪ್ರಾಶಸ್ತ್ಯದ ಮತ ಅಂಥದ್ದು.

ಪಕ್ಷಗಳ ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚಬೇಕೆಂಬ ಬೇಡಿಕೆ ಹಳೆಯದು. 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲೇ ಅದು ಚರ್ಚೆಗೆ ಬಂದಾಗ, ಸದನ ಒಡೆದು ಹೋಳಾಗಿ ಸರ್ಕಾರ ಅಸ್ಥಿರವಾದೀತೆಂದು ಅಂಬೇಡ್ಕರ್ ಅದನ್ನು ವಿರೋಧಿಸಿದರು. ಬೇಡಿಕೆಯಲ್ಲಿ ಹುರುಳಿಲ್ಲವೆಂದಲ್ಲ: 2018ರಲ್ಲಿ ನಮ್ಮ ವಿಧಾನಸಭೆಗೆ ಕಾಂಗ್ರೆಸ್ ಶೇ 38ರಷ್ಟು, ಬಿಜೆಪಿ ಶೇ 36ರಷ್ಟು ಮತ ಪಡೆದರೂ 104 ಸ್ಥಾನಗಳೊಂದಿಗೆ ಅತಿ ದೊಡ್ಡ ಪಕ್ಷವಾದದ್ದು ಬಿಜೆಪಿ. ಆದರೂ ಹಾಗೆ ಸ್ಥಾನ ಹಂಚುವಾಗ ಕ್ಷೇತ್ರದಿಂದಲ್ಲದೆ ಪಕ್ಷದ ಪಟ್ಟಿಯಿಂದ ಬಂದ ಶಾಸಕ ಜಗಳೂರಿನ ಕೆರೆಗೆ ನೀರು ಬಾರದಿದ್ದರೆ ಯಾರಿಗೆ ಉತ್ತರ ಹೇಳಬೇಕು? ಈ ಪ್ರಶ್ನೆ ನನ್ನನ್ನು ತಡೆಯುತ್ತದೆ.

ಕ್ಷೇತ್ರವನ್ನೂ ಅದರ ಒಬ್ಬ ಪ್ರತಿನಿಧಿಯನ್ನೂ ಉಳಿಸಿಕೊಂಡೇ ಬಹುಮತ ಕೇಳುವ ಕ್ರಮವೇ ಪ್ರಾಶಸ್ತ್ಯದ ಮತ. ಆಸ್ಟ್ರೇಲಿಯಾದ ಕೆಳಮನೆಗೆ 1918ರಿಂದ ಹಾಗೆಯೇ ಮತದಾನ ನಡೆಯುತ್ತಿದೆ. ಅಷ್ಟು ದೂರವೇಕೆ, ವಿಧಾನ ಪರಿಷತ್ತಿನ ಆಗ್ನೇಯ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರು ಈ ಸಭೆಯಲ್ಲೇ ಇದ್ದೀರಿ. ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಹೆಸರುಗಳ ಮುಂದೆ 1, 2, 3 ಎಂದು ಬರೆದಿದ್ದೀರಿ. ಸಿಂಧುವಾದ ಮತಗಳ ಅರ್ಧಕ್ಕೆ ಒಂದು ಸೇರಿಸಿದರೆ ಬರುವ ಸಂಖ್ಯೆಯೇ ಗೆಲ್ಲಲು ಬೇಕಾದ ಕೋಟಾ. ಯಾರೂ ಅದನ್ನು ಮುಟ್ಟದಿದ್ದರೆ ಅತಿ ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚುತ್ತ ಹೋಗುತ್ತಾರೆ. 1969ರಲ್ಲಿ ವಿ.ವಿ. ಗಿರಿಯವರು ರಾಷ್ಟ್ರಪತಿಯಾದದ್ದು ಇಂಥ ಎರಡನೇ ಪ್ರಾಶಸ್ತ್ಯದ ಎಣಿಕೆಯಿಂದಲೇ.

ಇದರಿಂದ ಎರಡು ಲಾಭಗಳನ್ನು ಕಾಣುತ್ತೇನೆ. ‘ಗೆಲ್ಲದವರಿಗೆ ಹಾಕಿದರೆ ಮತ ವ್ಯರ್ಥ’ ಎಂಬ ಅಂಜಿಕೆ ತಗ್ಗುತ್ತದೆ. ಒಂದೇ ಜಾತಿಯ ಮತ ಕ್ರೋಡೀಕರಿಸಿ ಗೆಲ್ಲುವ ಲೆಕ್ಕಾಚಾರ ನಡೆಯುವ ಕಡೆ, ಎದುರು ಪಾಳೆಯದವರ ಎರಡನೇ ಪ್ರಾಶಸ್ತ್ಯಕ್ಕಾಗಿಯಾದರೂ ಅಭ್ಯರ್ಥಿ ಮಾತಿನಲ್ಲಿ ಸಂಯಮ ತೋರಬೇಕಾಗುತ್ತದೆ. ನನಗೆ ಇದೇ ದೊಡ್ಡದು.

ತೊಡಕುಗಳೂ ಇವೆ. ಈ ಕ್ರಮವೂ ಮತಪ್ರಮಾಣಕ್ಕೂ ಸ್ಥಾನಕ್ಕೂ ಇರುವ ಅಂತರವನ್ನು ಮುಚ್ಚುವುದಿಲ್ಲ. ಅಂಕಿಯ ಬದಲು ಟಿಕ್ ಗುರುತು ಹಾಕಿ ಮತ ತಿರಸ್ಕೃತವಾಗುವುದು ಓದಿದವರ ಕ್ಷೇತ್ರದಲ್ಲೇ ನಡೆಯುತ್ತದೆ. ಈಗಿನ ಮತಯಂತ್ರವೂ ಇದಕ್ಕೆ ಒಗ್ಗದು. ಆದ್ದರಿಂದ ಸಂಸತ್ತಿನಿಂದ ಆರಂಭಿಸುವುದು ಬೇಡ. ಮಹಾನಗರ ಪಾಲಿಕೆಯ ಚುನಾವಣೆ ರಾಜ್ಯದ ಕಾನೂನಿಗೆ ಒಳಪಟ್ಟದ್ದು. ವಿಧಾನಮಂಡಲ ಅದಕ್ಕೆ ತಿದ್ದುಪಡಿ ತಂದರೆ ನಮ್ಮ ಪಾಲಿಕೆಯ 45 ವಾರ್ಡುಗಳಲ್ಲಿ, ಮೂರೇ ಪ್ರಾಶಸ್ತ್ಯಗಳಿಗೆ ಮಿತಿ ಹಾಕಿ, ಮತಪತ್ರದ ಮೂಲಕ ಒಂದು ಚುನಾವಣೆ ನಡೆಸಬಹುದು. ಜಿಲ್ಲೆಯ ಶಾಸಕರ ಮುಂದೆ ಈ ಬೇಡಿಕೆಯನ್ನು ಲಿಖಿತವಾಗಿ ಇಡೋಣ ಎಂದು ಕೇಳಿಕೊಳ್ಳುತ್ತೇನೆ.