‘ಸಾಕಷ್ಟು ಒಣಗಿದ’ ಅಂದರೆ ಎಷ್ಟು?

ನಮಸ್ಕಾರ. ಇವತ್ತು ಎರಡೇ ಎರಡು ಪದಗಳ ಬಗ್ಗೆ ಮಾತಾಡಬೇಕು. ‘ಸಾಕಷ್ಟು ಒಣಗಿದ’.

ಬದಿಯಡ್ಕದ ಹತ್ತಿರ ನನ್ನ ಸ್ನೇಹಿತರೊಬ್ಬರ ವೆಲ್ಡಿಂಗ್ ಶಾಪ್ ಇದೆ. ಅಡಿಕೆ ಸುಲಿಯುವ ಯಂತ್ರವನ್ನು ತಮ್ಮದೇ ಕ್ರಮದಲ್ಲಿ ಮಾಡಿದ್ದಾರೆ. ಪೇಟೆಂಟ್ ಅರ್ಜಿಯ ಕರಡು ಓದಲು ನನ್ನನ್ನು ಕರೆದರು. ಅರ್ಜಿಯ ಕೊನೆಗೆ ಬರುವ ಕ್ಲೇಮ್ ಇದೆಯಲ್ಲ, ‘ಇಷ್ಟು ನನ್ನದು’ ಅಂತ ಹೇಳುವ ಜಾಗ ಅದು. ಅಲ್ಲಿ ಹೀಗಿತ್ತು: ‘ಸಾಕಷ್ಟು ಒಣಗಿದ ಅಡಿಕೆಯನ್ನು, ಸೂಕ್ತ ಅಂತರದ ಎರಡು ರೋಲರ್‌ಗಳ ನಡುವೆ...’

“ಸಾಕಷ್ಟು ಅಂದರೆ ಎಷ್ಟಣ್ಣ?” ಅಂತ ಕೇಳಿದೆ. ಅವರು ಗೋಣಿಯಿಂದ ಒಂದು ಅಡಿಕೆ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಸಿಪ್ಪೆಯೊಳಗೆ ಗಟಗಟ ಸದ್ದು. “ಇಷ್ಟು ಮಾರಾಯ.” ಇನ್ನೊಂದು ತೆಗೆದರು. ಸದ್ದೇ ಇಲ್ಲ. “ಇದು ಆಗ್ಲಿಲ್ಲ. ಇನ್ನೊಂದು ವಾರ ಅಂಗಳದಲ್ಲಿ ಬಿಸಿಲು ಕಾಣ್ಬೇಕು.”

ಅಷ್ಟು ಚಂದದ ಉತ್ತರ ಕೈಯಲ್ಲಿತ್ತು. ಕಾಗದಕ್ಕೆ ಮಾತ್ರ ಬಂದಿರಲಿಲ್ಲ.

ತಾಂತ್ರಿಕ ಪದ ಕಂಡರೆ ನಾವು ಹೆದರುತ್ತೇವೆ. ಆದರೆ ಅಡಿಕೆಯ ದರ್ಜೆಗಳಾದ ಪಟೋರ, ಉಳ್ಳಿ, ಕರಿಗೋಟು ಅಂದರೆ ಹೊರಗಿನವರಿಗೆ ಏನೂ ತಿಳಿಯದು. ನಮ್ಮ ಅಡಿಕೆ ಅಂಗಡಿಯವರು ಕೈಯಲ್ಲಿ ಹಿಡಿದ ಕೂಡಲೇ ಬೇರೆ ಮಾಡುತ್ತಾರೆ. ಕ್ಲೇಮನ್ನು ಓದಬೇಕಾದದ್ದೂ ಆ ಕಸುಬು ಬಲ್ಲವರ ಕಣ್ಣಿನಿಂದಲೇ. ಹಾಗಾಗಿ ಅಂಥ ಪದಗಳಿಂದ ತೊಂದರೆ ಕಡಿಮೆ. ಎಲ್ಲರಿಗೂ ಗೊತ್ತಿರುವ ‘ಸಾಕಷ್ಟು’, ‘ಸೂಕ್ತ’, ‘ಸುಮಾರು’ ಇವೆಯಲ್ಲ, ನನಗೆ ಭಯ ಇವುಗಳದ್ದೇ.

ಹಾಗಂತ ಎಲ್ಲದಕ್ಕೂ ಅಂಕಿಯೇ ಬೇಕು ಅಂತಲೂ ಅಲ್ಲ. ಅಮೆರಿಕದಲ್ಲಿ ವ್ಯಾಯಾಮದ ಯಂತ್ರಕ್ಕೆ ಹಾಕುವ ಹೃದಯಬಡಿತ ಮಾಪಕದ ಬಗ್ಗೆ ನಾಟಿಲಸ್ ಮತ್ತು ಬಯೋಸಿಗ್ ಕಂಪನಿಗಳ ನಡುವೆ ದೊಡ್ಡ ವ್ಯಾಜ್ಯ ನಡೆಯಿತು. ಬಡಿತ ಗುರುತಿಸಲು ಕೈಯಲ್ಲಿ ಹಿಡಿಯುವ ಎರಡು ಎಲೆಕ್ಟ್ರೋಡ್‌ಗಳ ನಡುವೆ ‘ಅಂತರ’ ಇರಬೇಕು ಅಂತಷ್ಟೇ ಕ್ಲೇಮಿನಲ್ಲಿತ್ತು. ಎಷ್ಟು ಅಂತರ? ಕಸುಬು ಬಲ್ಲವರಿಗೆ ತಕ್ಕಮಟ್ಟಿಗೆ ಖಚಿತವಾಗಿ ತಿಳಿಯಬೇಕು ಅಂತ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿ, ಪ್ರಕರಣವನ್ನು ಕೆಳಗೆ ಕಳಿಸಿತು. ಮರುವರ್ಷ ಕೆಳಗಿನ ಕೋರ್ಟ್ ಆ ಕ್ಲೇಮನ್ನು ಉಳಿಸಿತು. ಒಂದು ಕೈ ಎರಡನ್ನೂ ಮುಟ್ಟಬೇಕಲ್ವಾ, ಹಾಗಾದರೆ ಅಂತರ ಅಂಗೈ ಅಗಲಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ ಅಂತ. ಅಳತೆ ಆ ಪೇಟೆಂಟಿನೊಳಗೇ ಸಿಕ್ಕಿತು.

ನಮ್ಮ 1970ರ ಪೇಟೆಂಟ್ ಕಾಯ್ದೆಯ 10ನೇ ಕಲಂ ಕೂಡ ಕ್ಲೇಮ್ ಸ್ಪಷ್ಟವಾಗಿ, ಚುಟುಕಾಗಿ ಇರಬೇಕು ಅನ್ನುತ್ತದೆ. ಇಲ್ಲದಿದ್ದರೆ ಕೊಟ್ಟ ಪೇಟೆಂಟನ್ನೂ ರದ್ದು ಮಾಡಬಹುದು, ಅದು 64ನೇ ಕಲಂ.

“ಅಗಲವಾಗಿ ಬರೆದರೆ ಜಾಸ್ತಿ ಸಿಗ್ತದೆ” ಅಂತ ಸ್ನೇಹಿತರಿಗೆ ಯಾರೋ ಹೇಳಿದ್ದರಂತೆ. ನಾನು ಒಪ್ಪುವುದಿಲ್ಲ. ನಾಳೆ ಪೆರ್ಲದ ಒಬ್ಬ ಹುಡುಗ ತನ್ನದೇ ಯಂತ್ರ ಮಾಡಲು ಕೂರುತ್ತಾನೆ. ಪೇಟೆಂಟಿನ ಅವಧಿ 20 ವರ್ಷ. ಅಷ್ಟು ವರ್ಷ ಯಾವುದನ್ನು ಮುಟ್ಟಬಾರದು ಅಂತ ಓದಿದ ಕೂಡಲೇ ಅವನಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ಸುಮ್ನೆ ಹೆದರಿ ಕೈ ಕಟ್ಟಿ ಕೂರುತ್ತಾನೆ.

ಕೊನೆಗೆ ರೋಲರ್ ನಡುವೆ ವರ್ನಿಯರ್ ಹಿಡಿದು ಮಿಲಿಮೀಟರ್ ಬರೆದೆವು. ‘ಸಾಕಷ್ಟು’ ಹೊಡೆದು ಹಾಕಿ, ‘ಒಳಗಿನ ಅಡಿಕೆ ಸಿಪ್ಪೆ ಬಿಟ್ಟು, ಅಲ್ಲಾಡಿಸಿದರೆ ಸದ್ದು ಬರುವಷ್ಟು ಒಣಗಿದ’ ಅಂತ ಮಾಡಿದೆವು. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು ಅನ್ನುವುದು ನಿಯಮ. ಆ ಗಟಗಟ ಸದ್ದನ್ನು ಇಂಗ್ಲಿಷಿಗೆ ತರಲು ನಮಗೆ ಮೂರು ಸಂಜೆ ಬೇಕಾಯಿತು.